ಕುಂಟು ಮಾಯವಾದ ಮೇಲೆ

ಚೇತಕ್‌ನ ಕಥೆಯನ್ನು ಶಾಲೆಯ ಪಾಠದಲ್ಲೋ ಹಿರಿಯರ ಬಾಯಲ್ಲೋ ಕೇಳದವರು ವಿರಳ. 1576ರ ಹಲ್ದೀಘಾಟಿ ಯುದ್ಧದಲ್ಲಿ ಆನೆಯ ಸೊಂಡಿಲಿನ ಕತ್ತಿ ತಗುಲಿ ಕಾಲು ಸೀಳಿಹೋಗಿದ್ದರೂ ಆ ಕುದುರೆ ರಾಣಾ ಪ್ರತಾಪನನ್ನು ಹೊತ್ತು ಓಡಿತು, ಹಳ್ಳವೊಂದನ್ನು ಹಾರಿತು, ಒಡೆಯ ಸುರಕ್ಷಿತನಾದ ಮೇಲೆ ಕುಸಿದು ಪ್ರಾಣಬಿಟ್ಟಿತು ಎಂಬುದು ಐತಿಹ್ಯ. ಅದು ಬಿದ್ದ ಜಾಗವೆಂದು ಜನ ನಂಬುವ ಕಡೆ ಇಂದಿಗೂ ಒಂದು ಸ್ಮಾರಕವಿದೆ.

ಕುಂಟುತ್ತಲೇ ಓಡಿ ಸತ್ತ ಕುದುರೆಗೆ ಹಾಡು, ಕಥೆ, ಕಲ್ಲಿನ ಛತ್ರಿ ಎಲ್ಲವೂ ದಕ್ಕಿವೆ. ಕುಂಟಿದ ಕೂಡಲೇ ಸವಾರ ಕೆಳಗಿಳಿದು, ಒಂದು ವರ್ಷ ಕಾಲ ಲಗಾಮು ಹಿಡಿದು ಪಕ್ಕದಲ್ಲಿ ನಡೆದು, ಮತ್ತೆ ದಾರಿಗೆ ತಂದ ಕುದುರೆಯನ್ನು ಯಾರೂ ಹಾಡಿ ಹೊಗಳುವುದಿಲ್ಲ. ಆದರೆ ಇವತ್ತು ಹಲವು ದೇಶಗಳಲ್ಲಿ ನಡೆಯುತ್ತಿರುವ ದೂರಸವಾರಿ ಎಂಬ ಕ್ರೀಡೆಯಲ್ಲಿ ನಿಜವಾದ ಪರೀಕ್ಷೆ ಇರುವುದು ಈ ಎರಡನೆಯ ಕೆಲಸದಲ್ಲೇ.

ದೂರಸವಾರಿ, ಇಂಗ್ಲಿಷರ ಮಾತಿನಲ್ಲಿ ಎಂಡ್ಯೂರೆನ್ಸ್ ರೈಡಿಂಗ್, ನಮ್ಮ ಓದುಗರಿಗೆ ಅಷ್ಟಾಗಿ ಪರಿಚಯವಿರಲಾರದು. ಕುದುರೆ ಎಂದರೆ ನಮ್ಮಲ್ಲಿ ಬೆಂಗಳೂರು, ಮೈಸೂರಿನ ರೇಸು. ಇಲ್ಲವೇ ದಸರಾ ಮೆರವಣಿಗೆ. ರೇಸಿನ ಕುದುರೆ ಒಂದೆರಡು ಕಿಲೋಮೀಟರ್ ಓಡಿ ಒಂದೆರಡು ನಿಮಿಷಗಳಲ್ಲಿ ಮುಗಿಸಿಬಿಡುತ್ತದೆ. ದೂರಸವಾರಿಯ ಕುದುರೆ ಒಂದೇ ದಿನದಲ್ಲಿ 80, 120, ಕೆಲವೊಮ್ಮೆ 160 ಕಿಲೋಮೀಟರ್ ಕ್ರಮಿಸಬೇಕು. ಬೆಟ್ಟ, ಕಣಿವೆ, ಕಲ್ಲುದಾರಿ, ಹೊಳೆ ಎಲ್ಲವನ್ನೂ ದಾಟಬೇಕು.

ಈ ಆಟದ ಹಿಂದೆ ಒಂದು ಕಹಿ ನೆನಪಿದೆ. 1892ರಲ್ಲಿ ಜರ್ಮನಿಯ ಮತ್ತು ಆಸ್ಟ್ರಿಯಾ-ಹಂಗೇರಿಯ ಸೇನಾಧಿಕಾರಿಗಳು ಬರ್ಲಿನ್ ಮತ್ತು ವಿಯೆನ್ನಾಗಳ ನಡುವೆ ಪಂದ್ಯ ಕಟ್ಟಿದರು. ಇವರು ಅಲ್ಲಿಂದ ಇಲ್ಲಿಗೆ, ಅವರು ಇಲ್ಲಿಂದ ಅಲ್ಲಿಗೆ. ದಾರಿ ಸುಮಾರು 580 ಕಿಲೋಮೀಟರ್. ಗೆದ್ದ ಆಸ್ಟ್ರಿಯಾದ ಕೌಂಟ್ ಸ್ಟಾರೆಂಬರ್ಗ್ ಸುಮಾರು 71 ಗಂಟೆಗಳಲ್ಲಿ ಬರ್ಲಿನ್ ತಲುಪಿದ. ಅವನನ್ನು ಹೊತ್ತು ತಂದ ಆಥೋಸ್ ಎಂಬ ಕುದುರೆ ಪಂದ್ಯದ ನಂತರ ಸತ್ತಿತು. ಸತ್ತದ್ದು ಅದೊಂದೇ ಅಲ್ಲ. ದಾರಿಯಲ್ಲಿ, ಲಾಯದಲ್ಲಿ ಹಲವಾರು ಕುದುರೆಗಳು ಬಿದ್ದುಹೋದವು. ಬಹುಮಾನ ಪಡೆದವರ ಹೆಸರಿಗಿಂತ ಈ ಸಾವುಗಳೇ ಯೂರೋಪಿನಲ್ಲಿ ಹೆಚ್ಚು ಚರ್ಚೆಯಾದವು.

ಅರವತ್ತಮೂರು ವರ್ಷಗಳ ನಂತರ, 1955ರ ಆಗಸ್ಟ್‌ನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೆಂಡೆಲ್ ರೋಬಿ ಎಂಬುವರು ತಮ್ಮ ಅರಬ್ಬಿ ಕುದುರೆಯನ್ನೇರಿ ಕೆಲವೇ ಸಂಗಡಿಗರೊಡನೆ ಟಾಹೋ ಸರೋವರದ ಕಡೆಯಿಂದ ಹೊರಟು, ಸಿಯೆರಾ ನೆವಾಡ ಪರ್ವತಶ್ರೇಣಿಯನ್ನು ದಾಟಿ, 100 ಮೈಲಿ ದೂರದ ಆಬರ್ನ್ ಪಟ್ಟಣವನ್ನು ಒಂದೇ ದಿನದಲ್ಲಿ ಮುಟ್ಟಿದರು. ಈ ಕಾಲದ ಕುದುರೆಗಳಿಗೆ ಹಿಂದಿನವುಗಳ ತಾಕತ್ತಿಲ್ಲ ಎಂಬ ಮಾತಿಗೆ ಅವರು ಕೊಟ್ಟ ಉತ್ತರ ಅದು. ಟೆವಿಸ್ ಕಪ್ ಎಂದು ಹೆಸರಾದ ಆ ಸವಾರಿಯೇ ಇಂದಿನ ದೂರಸವಾರಿಗೆ ಮಾದರಿಯಾಯಿತು. ಅಲ್ಲಿ 24 ಗಂಟೆಗಳ ಗಡುವಿದೆ; ಹೊರಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಮುಗಿಸುತ್ತಾರೆ. 1972ರಲ್ಲಿ ಹುಟ್ಟಿದ ಅಮೆರಿಕದ ದೂರಸವಾರರ ಸಂಸ್ಥೆ, ಮುಗಿಸುವುದೇ ಗೆಲ್ಲುವುದು ಎಂಬ ಧ್ಯೇಯವನ್ನಿಟ್ಟುಕೊಂಡಿತು.

ಮುಗಿಸುವುದೆಂದರೆ ಕುದುರೆ ಕೊನೆಯ ಗೆರೆ ದಾಟಿದರೆ ಸಾಲದು. ದಾರಿಯಲ್ಲಿ ಅಲ್ಲಲ್ಲಿ ಪಶುವೈದ್ಯರು ಕಾದಿರುತ್ತಾರೆ. ಬಂದ ಕುದುರೆಯ ಹೃದಯಬಡಿತ ನಿಗದಿತ ಅವಧಿಯೊಳಗೆ ಇಳಿಯಬೇಕು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ. ಆಮೇಲೆ ಸಡಿಲ ಲಗಾಮಿನಲ್ಲಿ ಕುದುರೆಯನ್ನು ಕುಕ್ಕುಲೋಟದಲ್ಲಿ ಓಡಿಸಿ ತೋರಿಸಬೇಕು. ನಡಿಗೆಗಿಂತ ತುಸು ಜೋರಾದ ಈ ಓಟದಲ್ಲಿ ಎದುರುಬದುರಿನ ಮುಂಗಾಲು-ಹಿಂಗಾಲುಗಳು ಜೋಡಿಯಾಗಿ ಏಳುತ್ತವೆ, ಬೀಳುತ್ತವೆ. ಆದ್ದರಿಂದ ಎಲ್ಲಿ ತಾಳ ತಪ್ಪಿದರೂ ಗೊತ್ತಾಗುತ್ತದೆ. ನೋಯುವ ಮುಂಗಾಲು ನೆಲಕ್ಕೆ ತಗುಲಿದಾಗ ಕುದುರೆ ತಲೆಯನ್ನು ಮೇಲೆತ್ತುತ್ತದೆ. ಹಾಗೆ ಪ್ರತಿ ಹೆಜ್ಜೆಗೂ ತಲೆ ಎತ್ತಿ ಇಳಿಸಿತೆಂದರೆ ಅಂದಿನ ಸವಾರಿ ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಸ್ವಾರಸ್ಯಕರ ಸಂಗತಿಯನ್ನು ಹೇಳಬೇಕು. 1973ರಲ್ಲಿ ಗಾರ್ಡಿ ಐನ್ಸ್ಲೇ ಎಂಬ ಸವಾರರ ಕುದುರೆ ಟೆವಿಸ್ ದಾರಿಯ ನಡುವೆ ಕುಂಟತೊಡಗಿ ಹೊರಬಿದ್ದಿತು. ಮರುವರ್ಷ ಐನ್ಸ್ಲೇ ಕುದುರೆಯಿಲ್ಲದೆಯೇ ಬಂದು, ಸವಾರರ ಜೊತೆಗೆ ತಾವೂ ಕಾಲ್ನಡಿಗೆಯಲ್ಲಿ ಓಡಿ, 100 ಮೈಲಿಯನ್ನು 23 ಗಂಟೆ 42 ನಿಮಿಷಗಳಲ್ಲಿ ಮುಗಿಸಿದರು. ಮನುಷ್ಯರು 100 ಮೈಲಿ ಓಡುವ ಪಂದ್ಯಗಳಿಗೆ ನಾಂದಿಯಾದದ್ದು ಅದೇ ಓಟ. ಒಂದು ಕುದುರೆಯ ಕಾಲು ಕೈಕೊಟ್ಟದ್ದರಿಂದ ಮನುಷ್ಯರಿಗೆ ಹೊಸದೊಂದು ಆಟ ದೊರೆಯಿತು! ಕುಂಟಿದ ಕುದುರೆಯ ಗತಿ ಏನಾಗುತ್ತದೆ ಎಂಬುದು ಮಾತ್ರ ಇಂಥ ಕಥೆಗಳಲ್ಲಿ ಬರುವುದಿಲ್ಲ.

ಒಂದೇ ಬೆರಳಿನ ಮೇಲೆ

ಕುದುರೆಯ ಕಾಲಿನ ರಚನೆ ತಿಳಿಯದೆ ಈ ಕಷ್ಟ ಅರ್ಥವಾಗುವುದಿಲ್ಲ. ನಾವು ಕುದುರೆಯ ಮುಂಗಾಲಿನ ಮೊಣಕಾಲು ಎನ್ನುವುದು ನಿಜಕ್ಕೂ ಅದರ ಮಣಿಕಟ್ಟು. ಅಲ್ಲಿಂದ ಕೆಳಗಿರುವುದು ಅಂಗೈ ಮತ್ತು ಬೆರಳು. ಅದೂ ಒಂದೇ ಬೆರಳು, ನಮ್ಮ ಕೈಯ ನಡುಬೆರಳಿಗೆ ಸಮನಾದದ್ದು. ಗೊರಸು ಎಂದರೆ ಆ ಬೆರಳಿನ ಉಗುರು. ನಾಲ್ಕೈದು ಕ್ವಿಂಟಲ್ ತೂಗುವ ಪ್ರಾಣಿಯೊಂದು ನಾಲ್ಕು ಬೆರಳುಗಳ ತುದಿಯಲ್ಲಿ ನಿಂತು ಓಡುತ್ತದೆ. ನಿಂತಾಗ ಆ ಭಾರದ ಹೆಚ್ಚಿನ ಪಾಲು ಮುಂಗಾಲುಗಳ ಮೇಲೆಯೇ ಬೀಳುತ್ತದೆ.

ಮಣಿಕಟ್ಟಿನಿಂದ ಕೆಳಗೆ ಮಾಂಸಖಂಡವೆಂಬುದೇ ಇಲ್ಲವೆನ್ನಬಹುದು. ಇರುವುದು ಮೂಳೆ, ಚರ್ಮ, ಇವುಗಳ ನಡುವೆ ಹಗ್ಗದಂತೆ ಇಳಿದುಬರುವ ಸ್ನಾಯುರಜ್ಜುಗಳು. ಕಾಲಿನ ಹಿಂಬದಿಯಲ್ಲಿ ಚರ್ಮಕ್ಕೆ ಹತ್ತಿರವಾಗಿಯೇ ಹರಿಯುವ ಒಂದು ರಜ್ಜು ಹೆಚ್ಚು ಪೆಟ್ಟು ತಿನ್ನುತ್ತದೆ. ಅದರ ಒಳಗೆ ಮೂಳೆಗೆ ಅಂಟಿದಂತೆ ಇನ್ನೊಂದು ಬಲವಾದ ಪಟ್ಟಿಯಿದೆ. ಗೊರಸಿನ ಮೇಲಿನ ಗಂಟು ನೆಲಕ್ಕೆ ಕುಸಿಯದಂತೆ ತೂಗಿ ಹಿಡಿಯುವುದು ಅದರ ಕೆಲಸ. ದೂರ ಹೋಗುವ ಕುದುರೆಗಳಲ್ಲಿ ಇವೆರಡರ ಗಾಯಗಳೇ ವೈದ್ಯರಿಗೆ ದೊಡ್ಡ ತಲೆನೋವು.

ಈ ರಜ್ಜು ರಬ್ಬರಿನಂತೆ ಹಿಗ್ಗಿ ಕುಗ್ಗುತ್ತ, ಪ್ರತಿ ಹೆಜ್ಜೆಯಲ್ಲೂ ಶಕ್ತಿಯನ್ನು ಹಿಡಿದಿಟ್ಟು ಮರಳಿಸುತ್ತದೆ. ಕುದುರೆ ಅಷ್ಟು ದೂರ ಓಡಬಲ್ಲದ್ದಕ್ಕೆ ಇದೂ ಒಂದು ಕಾರಣ. ಆದರೆ ನಾಗಾಲೋಟದಲ್ಲಿ ಅದು ತನ್ನ ಉದ್ದದ ಶೇಕಡ 16ರವರೆಗೂ ಹಿಗ್ಗುತ್ತದೆಂದು ಅಳೆದು ನೋಡಿದ್ದಾರೆ. ಹರಿಯುವ ಮಿತಿ ಅಲ್ಲಿಂದ ಬಹಳ ದೂರವಿಲ್ಲ. ಜೊತೆಗೆ ಹಿಗ್ಗಿ ಕುಗ್ಗುವ ಶಾಖಕ್ಕೆ ರಜ್ಜುವಿನ ನಡುಭಾಗ 45 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗುತ್ತದೆ. ರಕ್ತಸಂಚಾರ ಕಡಿಮೆಯಿರುವ ಜಾಗವಾದ್ದರಿಂದ ಆ ಬಿಸಿ ಬೇಗ ಆರುವುದಿಲ್ಲ. ಸವಾರನಿಗೆ ಗೊತ್ತಾಗದಂತೆ ಎಷ್ಟೋ ದಿನಗಳಿಂದ ಒಳಗೆ ನಾರುಗಳು ಸವೆಯುತ್ತಿರುತ್ತವೆ. ಒಂದು ದಿನ ಕಲ್ಲಿನ ಮೇಲೆ ತಪ್ಪಿದ ಒಂದು ಹೆಜ್ಜೆ ನೆಪವಾಗುತ್ತದೆ, ಅಷ್ಟೆ.

ಮೂಳೆ ಮುರಿದರೆ ಗುಂಡಿಟ್ಟು ಕೊಲ್ಲುತ್ತಾರೇಕೆ ಎಂದು ಹಲವರು ಕೇಳುವುದುಂಟು. ಮುರಿದ ಕಾಲನ್ನು ಕುದುರೆ ಊರದಿದ್ದರೆ ಆ ಭಾರವೆಲ್ಲ ಜೊತೆಯ ಕಾಲಿನ ಮೇಲೆ ಬೀಳುತ್ತದೆ. ಆ ಗೊರಸಿನೊಳಗಿನ ಪದರಗಳು ಕಳಚಿಕೊಳ್ಳುತ್ತವೆ. 2006ರ ಕೆಂಟಕಿ ಡರ್ಬಿ ಗೆದ್ದ ಬಾರ್ಬರೋ ಎಂಬ ಕುದುರೆ ಎರಡೇ ವಾರಗಳಲ್ಲಿ ಇನ್ನೊಂದು ರೇಸಿನಲ್ಲಿ ಬಲ ಹಿಂಗಾಲು ಮುರಿದುಕೊಂಡಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಪಶು ಆಸ್ಪತ್ರೆಯಲ್ಲಿ ಮುರಿದ ಕಾಲನ್ನು ಲೋಹದ ಪಟ್ಟಿ, ಸ್ಕ್ರೂಗಳಿಂದ ಜೋಡಿಸಲಾಯಿತು. ಆದರೆ ಎಡಗಾಲಿನ ಗೊರಸು ಕೆಟ್ಟಿತು. ಎಂಟು ತಿಂಗಳ ಹೋರಾಟದ ನಂತರ, 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು.

ರಜ್ಜುವಿನ ಗಾಯ ಇಷ್ಟು ಘೋರವಲ್ಲ. ಅದರ ಅಪಾಯ ಬೇರೆ ಬಗೆಯದು: ಅದು ಮೋಸ ಮಾಡುತ್ತದೆ.

ಬರೆಯಿಂದ ನಡಿಗೆಗೆ

ಗಾಯವಾದ ದಿನ ಕಾಲು ಊದಿಕೊಳ್ಳುತ್ತದೆ, ಬಿಸಿಯಾಗುತ್ತದೆ, ಮುಟ್ಟಿದರೆ ಕುದುರೆ ಕಾಲೆಳೆದುಕೊಳ್ಳುತ್ತದೆ. ತಣ್ಣೀರು ಹಾಯಿಸುವುದು, ಮಂಜುಗಡ್ಡೆ ಇಡುವುದು, ಪಟ್ಟಿ ಕಟ್ಟುವುದು, ವೈದ್ಯರು ಕೊಟ್ಟ ಬಾವು ಇಳಿಸುವ ಔಷಧಿ ಹಾಕುವುದು ಮೊದಲ ದಿನಗಳ ಆರೈಕೆ. ಕೆಲವು ವಾರಗಳಲ್ಲಿ ಬಾವು ಇಳಿಯುತ್ತದೆ. ಕುಂಟು ಮಾಯವಾಗುತ್ತದೆ. ಕುದುರೆ ಲಾಯದ ಬಾಗಿಲಲ್ಲಿ ಕತ್ತು ಚಾಚಿ ಕೆನೆಯುತ್ತದೆ. ಯಜಮಾನನಿಗೆ ಗೆದ್ದೆನೆನಿಸುತ್ತದೆ.

ಒಳಗೆ ಆಗಿರುವುದೇ ಬೇರೆ. ಹರಿದ ಜಾಗದಲ್ಲಿ ದೇಹ ಅವಸರದಲ್ಲಿ ತೇಪೆ ಹಾಕಿರುತ್ತದೆ. ಮೂಲ ರಜ್ಜುವಿನಲ್ಲಿ ಕೊಲ್ಯಾಜೆನ್ ನಾರುಗಳು ಚೆನ್ನಾಗಿ ಹೊಸೆದ ಹಗ್ಗದಂತೆ ಒಂದೇ ದಿಕ್ಕಿಗೆ ಸಾಲಾಗಿರುತ್ತವೆ. ತೇಪೆಯ ನಾರುಗಳು ಬಣವೆಯ ಹುಲ್ಲಿನಂತೆ ಅಡ್ಡಾದಿಡ್ಡಿ, ಬಲವೂ ಕಡಿಮೆ. ಅವು ಗಟ್ಟಿಯಾಗಿ ಸಾಲುಗೂಡಲು ಒಂದು ವರ್ಷ ಬೇಕು, ಒಂದೂವರೆ ವರ್ಷವೂ ಹಿಡಿಯಬಹುದು. ಅಷ್ಟಾದರೂ ಅದು ಮೊದಲಿನ ರಜ್ಜು ಆಗುವುದಿಲ್ಲ. ತೇಪೆ ಬಿಗಿಯಾಗಿ, ಸರಿಯಾಗಿ ಹಿಗ್ಗದೆ ಉಳಿಯುವುದರಿಂದ ಅದರ ಅಂಚಿನಲ್ಲೇ ಮತ್ತೆ ಹರಿಯುವ ಭಯವಿರುತ್ತದೆ.

ಹಿಂದಿನವರು ಈ ತೇಪೆಯನ್ನು ಬೇಗ ಗಟ್ಟಿಮಾಡಲು ಕಾಯಿಸಿದ ಕಬ್ಬಿಣದಿಂದ ಕಾಲಿಗೆ ಬರೆ ಹಾಕುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಎತ್ತು ಕುಂಟಿದರೆ ಬರೆ ಎಳೆಯುವ ಪದ್ಧತಿಯನ್ನು ಕಂಡವರಿಗೆ ಇದು ಹೊಸದೇನಲ್ಲ. ಯೂರೋಪಿನ ರೇಸಿನ ಲಾಯಗಳಲ್ಲೂ ಶತಮಾನಗಳ ಕಾಲ ಇದೇ ಚಿಕಿತ್ಸೆ. 1983ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಸಂಶೋಧಕರು ಪ್ರಕಟಿಸಿದ ಅಧ್ಯಯನ, ಬರೆಯಿಂದ ರಜ್ಜು ಬೇಗ ಕೂಡುವುದೂ ಇಲ್ಲ, ಬಲಗೊಳ್ಳುವುದೂ ಇಲ್ಲ ಎಂದು ತೋರಿಸಿತು. ಹಾಗಾದರೆ ಇಷ್ಟು ಕಾಲ ಬರೆ ತಿಂದು ಗುಣವಾದ ಕುದುರೆಗಳು? ಬರೆ ಹಾಕಿದ ಕಾಲು ಮಾಯಲೆಂದು ಕೊಡುತ್ತಿದ್ದ ತಿಂಗಳುಗಟ್ಟಲೆ ವಿಶ್ರಾಂತಿ ಅವನ್ನು ಗುಣಪಡಿಸಿತೆಂದು ತಿಳಿಯುವುದು ಸರಿ. ಕಬ್ಬಿಣ ಕಾಯಿಸಿದವನಿಗೆ ಕೀರ್ತಿ ಸಂದಿತು, ಕೆಲಸ ಮಾಡಿದ್ದು ಕಾಲ.

ಅದೇ ದಶಕದಲ್ಲಿ ಅಲ್ಟ್ರಾಸೌಂಡ್ ಯಂತ್ರ ಕುದುರೆ ಲಾಯಕ್ಕೂ ಬಂತು. ಬಸಿರಿಯ ಹೊಟ್ಟೆಯೊಳಗಿನ ಮಗುವನ್ನು ನೋಡುವ ಯಂತ್ರದಲ್ಲೇ ರಜ್ಜುವಿನೊಳಗಿನ ಹರುಕು ಕಪ್ಪು ಚುಕ್ಕೆಯಾಗಿ ಕಾಣತೊಡಗಿತು. ಹೊರಗೆ ನೆಟ್ಟಗೆ ನಡೆಯುತ್ತಿರುವ ಕುದುರೆಯ ಒಳಗೆ ಇನ್ನೂ ತೂತು ಉಳಿದಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಸಿಕ್ಕಿತು. ಈ ಶತಮಾನದ ಆರಂಭದಿಂದ ಕುದುರೆಯದೇ ಎದೆಮೂಳೆಯ ಮಜ್ಜೆಯಿಂದ ಆಕರಕೋಶಗಳನ್ನು ತೆಗೆದು, ಬೆಳೆಸಿ, ಆ ತೂತಿಗೆ ಚುಚ್ಚುವ ಚಿಕಿತ್ಸೆಯೂ ಬಂದಿದೆ. ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜು ಇದರಲ್ಲಿ ಮುಂಚೂಣಿಯಲ್ಲಿದೆ. ರೇಸ್ ಕುದುರೆಗಳಲ್ಲಿ ಮರುಪೆಟ್ಟು ಕಡಿಮೆಯಾದ ವರದಿಗಳಿವೆ. ಆದರೆ ಈ ದುಬಾರಿ ಚುಚ್ಚುಮದ್ದು ಹಾಕಿಸಿಕೊಂಡ ಕುದುರೆಯೂ ಆಮೇಲೆ ಮಾಡಬೇಕಾದದ್ದು ಬರೆ ತಿಂದ ಕುದುರೆ ಮಾಡಬೇಕಿದ್ದದ್ದನ್ನೇ: ತಿಂಗಳುಗಟ್ಟಲೆ ನಡೆಯಬೇಕು.

ಪೂರ್ತಿ ವಿಶ್ರಾಂತಿ ಏಕೆ ಸಾಲದು? ನಾರುಗಳಿಗೆ ಯಾವ ದಿಕ್ಕಿಗೆ ಸಾಲಾಗಬೇಕೆಂದು ತಿಳಿಸುವುದು ಎಳೆತ. ಕುದುರೆ ನಡೆದಾಗ ರಜ್ಜುವಿನ ಮೇಲೆ ಬೀಳುವ ಹದವಾದ ಎಳೆತವೇ ಅಡ್ಡಾದಿಡ್ಡಿ ನಾರುಗಳನ್ನು ಉದ್ದಕ್ಕೆ ತಿರುಗಿಸುತ್ತದೆ. ಎಳೆತವೇ ಇಲ್ಲದಿದ್ದರೆ ತೇಪೆ ಗಂಟುಗಂಟಾಗುತ್ತದೆ, ಅತಿಯಾದರೆ ಹರಿಯುತ್ತದೆ. ನಡಿಗೆಯೇ ಇಲ್ಲಿ ಔಷಧಿ. ಎಷ್ಟು ನಿಮಿಷ ಎಂಬುದೇ ಅದರ ಪ್ರಮಾಣ.

ಗಾಯ ದೊಡ್ಡದೋ ಚಿಕ್ಕದೋ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದಾದರೂ ಸಾಮಾನ್ಯ ಕ್ರಮ ಹೀಗಿದೆ. ಮೊದಲು ದಿನಕ್ಕೆ ಹತ್ತು ಹದಿನೈದು ನಿಮಿಷ ಕೈಯಲ್ಲಿ ಹಿಡಿದು ನಡೆಸುವುದು. ವಾರಕ್ಕೆ ಐದು ನಿಮಿಷದಂತೆ ಏರಿಸುತ್ತ ಮೂರು ತಿಂಗಳಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆಗೆ ತರುವುದು. ಎರಡು ಮೂರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್. ಚಿತ್ರ ಸುಧಾರಿಸಿದ್ದರೆ ಮಾತ್ರ ಮುಂದಿನ ಮೆಟ್ಟಿಲು. ನಾಲ್ಕೈದು ತಿಂಗಳಾದ ಮೇಲೆ ನಡಿಗೆಯ ನಡುವೆ ಐದು ನಿಮಿಷದ ಕುಕ್ಕುಲೋಟ. ಜಿಗಿತದ ಓಟಕ್ಕೆ ಇನ್ನೂ ಹಲವು ತಿಂಗಳು. ಆಳವಾದ ಮರಳೂ ಕೆಸರೂ ರಜ್ಜುವನ್ನು ಜಗ್ಗುವುದರಿಂದ ಸಮತಟ್ಟಾದ ಗಟ್ಟಿನೆಲವೇ ವಾಸಿ. ಇಷ್ಟು ದಿನವೂ ಬಯಲಿಗೆ ಬಿಡುವಂತಿಲ್ಲ. ಒಂದು ಕುಣಿತ, ಒಂದು ಜಾರು ಸಾಕು, ತಿಂಗಳುಗಳ ದುಡಿಮೆ ಮಣ್ಣುಪಾಲು.

ಓದುವಾಗ ಇದು ಸರಳವೆನಿಸಬಹುದು. ಆದರೆ ದೂರ ಓಡಲೆಂದು ತಯಾರಾದ ಪ್ರಾಣಿಯನ್ನು ಹತ್ತಡಿ ಚೌಕದ ಲಾಯದಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರೆ ಅದು ಬಾಗಿಲು ಒದೆಯುತ್ತದೆ, ಮರ ಕಚ್ಚುತ್ತದೆ. ಸುಮ್ಮನೆ ನಿಂತು ನಿಂತು ಕರುಳಿನ ಚಲನೆ ಕುಂದಿ ಹೊಟ್ಟೆಶೂಲೆಯೂ ಬರಬಹುದು. ಓಟ್ಸ್, ನಮ್ಮಲ್ಲಾದರೆ ಹುರುಳಿ, ಇಂಥ ಕಾವಿನ ಆಹಾರವನ್ನು ಇಳಿಸಿ ಹುಲ್ಲು ಹೆಚ್ಚಿಸಬೇಕು. ಹೊರಗೆ ತಂದರೆ ಹತ್ತು ನಿಮಿಷದ ನಡಿಗೆಯಲ್ಲೇ ಮುಂಗಾಲೆತ್ತಿ ನಿಲ್ಲುವ ಕುದುರೆಯನ್ನು ಹಿಡಿದವನಿಗೆ ನೋವಾಗುವುದೂ ಉಂಟು. ಇನ್ನು ಖರ್ಚು: ಕುಂಟುವ ಕುದುರೆ ಓಡುವ ಕುದುರೆಯಷ್ಟೇ ತಿನ್ನುತ್ತದೆ, ಗಳಿಸುವುದೇನೂ ಇಲ್ಲ.

ಇದಕ್ಕಿಂತ ದೊಡ್ಡ ಬಲೆ ಕುದುರೆಯ ದೇಹಬಲವೇ. ದೂರಸವಾರಿಯ ಕುದುರೆಗೆ ಹೃದಯ, ಶ್ವಾಸಕೋಶಗಳ ತಾಕತ್ತು ಬೇಗ ಕುಗ್ಗುವುದಿಲ್ಲ. ಕುಗ್ಗಿದರೂ ಕೆಲವೇ ವಾರಗಳ ಕೆಲಸದಲ್ಲಿ ಮರಳಿಬರುತ್ತದೆ. ಮಾಂಸಖಂಡಕ್ಕೆ ಕೆಲವು ತಿಂಗಳು ಸಾಕು. ಹೀಗಾಗಿ ಆರನೆಯ ತಿಂಗಳಿಗೆ ಸವಾರನ ಕೆಳಗಿರುವುದು ಮೊದಲಿನಂತೆಯೇ ಉಸಿರಾಡುವ, ಮೊದಲಿನಂತೆಯೇ ಮುಂದಕ್ಕೆ ಎಳೆಯುವ ಕುದುರೆ. ಕಾಲು ಮಾತ್ರ ಅರ್ಧ ಮಾಗಿದ್ದು. ಅನುಭವಿ ತರಬೇತುದಾರರು ಹೆದರುವುದು ಸೋಮಾರಿ ಕುದುರೆಗಲ್ಲ, ಹುರುಪಿನ ಕುದುರೆಗೆ. ಪಂದ್ಯದ ದಿನಾಂಕ ಹತ್ತಿರವಿದ್ದು, ಕುದುರೆಯೂ ಹೋಗೋಣವೆನ್ನುವಾಗ, ಇನ್ನೂ ಮೂರು ತಿಂಗಳು ಎಂದು ಹೇಳಬಲ್ಲವರು ಎಷ್ಟು ಮಂದಿ?

ನೋವು ಅಡಗಿಸಿದರೆ

ಹೇಳಲಾಗದವರಿಗೆ ಅಡ್ಡದಾರಿ ಇದೆ. ನೋವು ನಿವಾರಕ ಕೊಟ್ಟರೆ, ನರವನ್ನು ಮರಗಟ್ಟಿಸಿದರೆ, ಕುದುರೆ ಕುಂಟುವುದಿಲ್ಲ. ಆದರೆ ಹರಿಯುತ್ತಿರುವ ಕಾಲನ್ನು ಕಾಯುವ ಕಾವಲುಗಾರ ನೋವೊಂದೇ. ಅದನ್ನು ಓಡಿಸಿದರೆ ಕುದುರೆ ಚೇತಕ್‌ನಂತೆ ಓಡುತ್ತದೆ, ಯುದ್ಧವಿಲ್ಲದೆಯೇ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ 1978ರಲ್ಲಿ ದೂರಸವಾರಿಯನ್ನು ತನ್ನ ಕ್ರೀಡೆಗಳ ಪಟ್ಟಿಗೆ ಸೇರಿಸಿಕೊಂಡಿತು. 1986ರಲ್ಲಿ ರೋಮ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಇಂಥ ಔಷಧಿಗಳು ಪಂದ್ಯದಲ್ಲಿ ನಿಷಿದ್ಧ. ಕುಂಟಿ ಹೊರಬಿದ್ದ ಕುದುರೆಗೆ ಇಂತಿಷ್ಟು ದಿನ ಕಡ್ಡಾಯ ವಿಶ್ರಾಂತಿ ಎಂಬ ನಿಯಮವೂ ಇದೆ. ಆದರೂ ಮರುಭೂಮಿಯ ಸಪಾಟು ದಾರಿಗಳಲ್ಲಿ, ದೊಡ್ಡ ಬಹುಮಾನಗಳ ಆಸೆಗೆ, ದೂರಸವಾರಿ ರೇಸಾಗಿ ಬದಲಾದಾಗ ಕಾಲು ಮುರಿದು ಬಿದ್ದ ಕುದುರೆಗಳ ಚಿತ್ರಗಳು ಜಗತ್ತನ್ನು ಕಲಕಿದವು. ಕುದುರೆಗಳ ಯೋಗಕ್ಷೇಮದ ಪ್ರಶ್ನೆ ಎತ್ತಿ 2015ರ ಮಾರ್ಚ್‌ನಲ್ಲಿ ಒಕ್ಕೂಟವು ಸಂಯುಕ್ತ ಅರಬ್ ಎಮಿರೇಟ್ಸ್‌ನ ರಾಷ್ಟ್ರೀಯ ಸಂಸ್ಥೆಯನ್ನೇ ಅಮಾನತಿನಲ್ಲಿಟ್ಟಿತು. ಕೆಲವು ತಿಂಗಳ ನಂತರ ಷರತ್ತುಗಳೊಡನೆ ಅದು ತೆರವಾಯಿತು. ನಿಯಮ ಪುಸ್ತಕ ದಪ್ಪವಾಗುತ್ತಲೇ ಇದೆ. ಬೆಳಗಾಗುತ್ತಲೇ ಎರಡೂ ಕಾಲುಗಳನ್ನು ತಡವಿ, ಒಂದು ಇನ್ನೊಂದಕ್ಕಿಂತ ಬೆಚ್ಚಗಿದೆಯೇ ಎಂದು ನೋಡುವ ಸಯೀಸನ ಕೈಗೆ ಸಮನಾದ ನಿಯಮ ಇನ್ನೂ ಬಂದಿಲ್ಲ.

ಅಲ್ಟ್ರಾಸೌಂಡ್ ಒಪ್ಪಿದ ಮೇಲೂ ಮರಳುವ ದಾರಿ ಉದ್ದ. ವಿವೇಕಿಗಳು ಮೊದಲ ಋತುವಿನಲ್ಲಿ ಕುದುರೆಯನ್ನು ಕಡಿಮೆ ದೂರದ ಸವಾರಿಗಷ್ಟೇ ಇಳಿಸುತ್ತಾರೆ, ಅದನ್ನೂ ನಿಧಾನವಾಗಿ ಮುಗಿಸುತ್ತಾರೆ. ಇಳಿಜಾರಿನಲ್ಲಿ ಮುಂಗಾಲುಗಳಿಗೆ ಭಾರ ಹೆಚ್ಚೆಂದು ಸವಾರರು ಇಳಿದು ಜೊತೆಗೆ ನಡೆಯುವುದೂ ಉಂಟು. ಎಲ್ಲವೂ ಕೂಡಿಬಂದರೆ ಎರಡನೆಯ ವರ್ಷ 80 ಕಿಲೋಮೀಟರ್. 160ಕ್ಕೆ ಮರಳುವವು ಎಲ್ಲವೂ ಅಲ್ಲ. ಹಲವು ಕುದುರೆಗಳು ಹೊಸಬರಿಗೆ ಸವಾರಿ ಕಲಿಸುವ, ಮರಿಗಳನ್ನು ಹೆರುವ, ಸುಮ್ಮನೆ ಊರ ಸುತ್ತ ಅಡ್ಡಾಡುವ ಬದುಕಿಗೆ ಸರಿಯುತ್ತವೆ.

ಈ ಬಗೆಯ ತಾಳ್ಮೆಗೆ ಜನ ನೆನಪಿಟ್ಟುಕೊಂಡ ಉದಾಹರಣೆ ದೂರಸವಾರಿಯದಲ್ಲ, ಇಂಗ್ಲೆಂಡಿನ ಸ್ಟೀಪಲ್‌ಚೇಸ್ ರೇಸಿನದು. ಆಲ್ಡನಿಟಿ ಎಂಬ ಕುದುರೆಗೆ ರಜ್ಜುವಿನ ತೊಂದರೆ ಮತ್ತೆ ಮತ್ತೆ ಕಾಡಿತ್ತು. 1979ರ ನವೆಂಬರ್‌ನಲ್ಲಿ ಕಾಲು ಮತ್ತೊಮ್ಮೆ ಕೈಕೊಟ್ಟಾಗ ಅದರ ಓಟದ ಬದುಕು ಮುಗಿಯಿತೆಂದೇ ಹಲವರು ತಿಳಿದರು. ಅದೇ ವರ್ಷ ಅದರ ಸವಾರ ಬಾಬ್ ಚಾಂಪಿಯನ್ ಅವರಿಗೆ ಕ್ಯಾನ್ಸರ್ ಇರುವುದು ಗೊತ್ತಾಗಿತ್ತು. ಮಾಲೀಕರು ಕುದುರೆಯನ್ನು ಮಾರಲಿಲ್ಲ, ಅವಸರಪಡಿಸಲೂ ಇಲ್ಲ. ಸಸೆಕ್ಸ್‌ನ ತಮ್ಮ ಫಾರಂನಲ್ಲಿಟ್ಟು ಆರೈಕೆ ಮಾಡಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ರೇಸಿಗೆ ಇಳಿಯಲಿಲ್ಲ. 1981ರ ಫೆಬ್ರವರಿಯಲ್ಲಿ ಒಂದೇ ಒಂದು ರೇಸು ಓಡಿತು, ಗೆದ್ದಿತು. ಏಪ್ರಿಲ್‌ನಲ್ಲಿ, ಏಳು ಕಿಲೋಮೀಟರಿಗೂ ಹೆಚ್ಚು ದೂರದ, 30 ಬೇಲಿಗಳನ್ನು ಹಾರಬೇಕಾದ ಗ್ರ್ಯಾಂಡ್ ನ್ಯಾಷನಲ್ ರೇಸಿನಲ್ಲಿ, ಕಾಯಿಲೆಯಿಂದ ಚೇತರಿಸಿಕೊಂಡಿದ್ದ ಚಾಂಪಿಯನ್ ಅವರನ್ನು ಹೊತ್ತು ಮೊದಲನೆಯದಾಗಿ ಬಂತು. ಮರುವರ್ಷ ಅದೇ ರೇಸಿನ ಮೊದಲ ಬೇಲಿಯಲ್ಲೇ ಬಿದ್ದದ್ದನ್ನು ಜನ ಅಷ್ಟಾಗಿ ಹೇಳುವುದಿಲ್ಲ.

ಆಮೇಲೆ ಅದನ್ನು ರೇಸಿನಿಂದ ಬಿಡಿಸಿದರು. 1987ರಲ್ಲಿ ಕ್ಯಾನ್ಸರ್ ನಿಧಿಗಾಗಿ ಅದು ಲಂಡನ್ನಿನಿಂದ ಲಿವರ್‌ಪೂಲ್‌ನ ರೇಸ್ ಮೈದಾನದವರೆಗೆ ಸುಮಾರು 250 ಮೈಲಿ ಹೋಯಿತು. ಬೆನ್ನ ಮೇಲೆ ಸರದಿಯಂತೆ ಬೇರೆ ಬೇರೆ ಸವಾರರಿದ್ದರು. ಆ ದೂರವನ್ನು ಅದು ಕ್ರಮಿಸಿದ್ದು ನಡಿಗೆಯಲ್ಲಿ. 1997ರಲ್ಲಿ ಸತ್ತಾಗ ಅದಕ್ಕೆ 27 ವರ್ಷ.